ಇಗೋರ್ ಸ್ಟಿಮ್ಯಾಚ್: ಆಟಗಾರನಾಗಿ ಅಷ್ಟು ಎತ್ತರ, ಕೋಚ್ ಆಗಿ ಯಾಕೆ ಹೀಗಾಯ್ತು?

ಆಫ್‌ಸೈಡ್ ಆಚಾರ್:

ಗೋವಾದಲ್ಲಿ ಭಾರತದ ಫುಟ್‌ಬಾಲ್ ತಂಡ ಸಿಂಗಪುರದ ಎದುರು ಸೋತು 2027ರ ಏಷ್ಯಾ ಕಪ್ ಕೈತಪ್ಪಿದ ಮೇಲೆ ಹೊಸ ರಾಗ ಶುರುವಾಗಿದೆ: "ಸ್ಟಿಮ್ಯಾಚ್ ಇದ್ದಾಗಲೇ ವಾಸಿ ಇತ್ತು." ಹೀಗನ್ನುವವರಲ್ಲಿ ಅರ್ಧ ಜನ 2024ರ ಜೂನ್‌ನಲ್ಲಿ "ಮೊದಲು ಇವರನ್ನ ಮನೆಗೆ ಕಳಿಸಿ" ಅಂತ ಬರೆದವರೇ. ಸರಿ, ಅದು ಬಿಡಿ. ಮನುಷ್ಯನ ಇಡೀ ವೃತ್ತಿಜೀವನ ನೋಡದೆ ಬರೀ ಭಾರತದ ಕೋಚ್ ಆಗಿದ್ದ ಐದು ವರ್ಷ ಇಟ್ಕೊಂಡು ತೀರ್ಪು ಕೊಡೋದು ಬೇಡ ಅಂತ ಈ ಚರ್ಚೆ ತೆರೀತಿದೀನಿ.

ಹುಟ್ಟಿದ್ದು 1967, ಕ್ರೊಯೇಷಿಯಾದ ಮೆಟ್ಕೊವಿಚ್ ಅನ್ನೋ ಊರಲ್ಲಿ. ಆಟ ಕಲಿತದ್ದು ಸ್ಪ್ಲಿಟ್‌ನ ಹೈಡುಕ್ ಕ್ಲಬ್‌ನಲ್ಲಿ. 1987ರಲ್ಲಿ ಚಿಲಿಯಲ್ಲಿ ವಿಶ್ವ ಯುವ ಚಾಂಪಿಯನ್‌ಷಿಪ್ ಗೆದ್ದ ಯುಗೊಸ್ಲಾವಿಯಾ ತಂಡದಲ್ಲಿ ಇದ್ದರು. ಆ ತಂಡದ ಹೆಸರುಗಳನ್ನ ಒಮ್ಮೆ ಓದಿ: ಬೋಬನ್, ಶುಕೆರ್, ಪ್ರೊಸಿನೆಚ್ಕಿ, ಮಿಯಾಟೊವಿಚ್, ಯಾರ್ನಿ. ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯನ್ನ ಪೆನಾಲ್ಟಿಯಲ್ಲಿ ಸೋಲಿಸಿದ್ರು. ನಾಲ್ಕೈದು ವರ್ಷದಲ್ಲಿ ಆ ದೇಶವೇ ಒಡೆದು ಕ್ರೊಯೇಷಿಯಾ ಬೇರೆಯಾಯ್ತು. ಆಮೇಲೆ ಸ್ಪೇನಿನ ಕಾಡಿಸ್, ಮತ್ತೆ ಹೈಡುಕ್, ಇಂಗ್ಲೆಂಡಿನಲ್ಲಿ ಡರ್ಬಿ ಕೌಂಟಿ, ವೆಸ್ಟ್ ಹ್ಯಾಮ್. ಕ್ರೊಯೇಷಿಯಾಕ್ಕೆ 53 ಪಂದ್ಯ. 1998ರ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಗೆ 3-0 ಹೊಡೆದು, ಮೂರನೇ ಸ್ಥಾನ ಪಡೆದ ತಂಡದ ಸ್ಟಾಪರ್, ಅಂದ್ರೆ ನಡುವಿನ ಡಿಫೆಂಡರ್. ಪಕ್ಕದಲ್ಲಿ ಸ್ಲಾವೆನ್ ಬಿಲಿಚ್. ಈ ಬಿಲಿಚ್ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಕೋಚ್ ಆಗಿ: ಹೈಡುಕ್, ಚಿಬಾಲಿಯಾ, ಎನ್‌ಕೆ ಝಾಗ್ರೆಬ್. 2012ರ ಜುಲೈನಲ್ಲಿ ಕ್ರೊಯೇಷಿಯಾ ರಾಷ್ಟ್ರೀಯ ತಂಡ. 15 ತಿಂಗಳಲ್ಲಿ ಹೊರಕ್ಕೆ. ನಂತರ ಝಾಡರ್, ಇರಾನಿನ ಸೆಪಹಾನ್, ಕತಾರಿನ ಅಲ್ ಶಹಾನಿಯಾ. 2019ರ ಮೇ ತಿಂಗಳಲ್ಲಿ ಭಾರತ.

ನನ್ನ ಪ್ರಶ್ನೆ ಒಂದೇ. ಇಷ್ಟು ದೊಡ್ಡ ವೇದಿಕೆಗಳಲ್ಲಿ ಆಡಿದವರ ಅನುಭವ ನಮ್ಮ ಹುಡುಗರಿಗೆ ಏನಾದ್ರೂ ದಕ್ಕಿತಾ? ಅಥವಾ ಹೆಸರು ನೋಡಿ ಕೆಲಸ ಕೊಟ್ರಾ?

ಕಂಠೀರವ ಪೂರ್ವ:

ಹೆಸರು ನೋಡಿ ಕೊಟ್ಟಿದ್ದು ಅನ್ನೋದು ನನ್ನ ಅಭಿಪ್ರಾಯ. 2019ರಲ್ಲಿ ಕೋಚ್ ಹುದ್ದೆಯ ಅಂತಿಮ ಪಟ್ಟಿಯಲ್ಲಿ ಆಲ್ಬರ್ಟ್ ರೋಕಾ ಇದ್ರು ಸ್ವಾಮಿ. ನಮ್ಮ ಬೆಂಗಳೂರು ಎಫ್‌ಸಿಯನ್ನ 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ಗೆ ಕರ್ಕೊಂಡು ಹೋದವರು. ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. ಆಗಿನ ಭಾರತ ನಾಯಕ ಛೆಟ್ರಿ, ವಿಂಗರ್ ಉದಾಂತ ಇವರನ್ನೆಲ್ಲ ದಿನಾ ಮೈದಾನದಲ್ಲಿ ನೋಡಿದ್ದವರು. ಎಲ್ ಸಾಲ್ವಡೋರ್ ರಾಷ್ಟ್ರೀಯ ತಂಡ ನಡೆಸಿದ ಅನುಭವ ಬೇರೆ. ಅವರನ್ನ ಬಿಟ್ಟು ವಿಶ್ವಕಪ್ ಪದಕ ಇರೋರನ್ನ ಆರಿಸಿದ್ರು. ನಮ್ಮ ಸ್ಟ್ಯಾಂಡ್‌ನಲ್ಲಿ ಆಗ ಎಲ್ಲರಿಗೂ ಹೊಟ್ಟೆ ಉರಿದಿತ್ತು.

ಬೈಕಂಪಾಡಿ ಬ್ಯಾಕ್:

ರೋಕಾ ಬಂದಿದ್ರೆ ಎಂತ ಆಗ್ತಿತ್ತು ಅಂತ ಯಾರಿಗೂ ಹೇಳ್ಲಿಕ್ಕೆ ಬರುದಿಲ್ಲ ಮಾರಾಯ್ರೆ. ಅದು ಬಿಡಿ.

ಆಚಾರ್ ಅವರು ಡರ್ಬಿ ಕೌಂಟಿಯನ್ನು ಒಂದೇ ಪದದಲ್ಲಿ ದಾಟಿಸಿ ಬಿಟ್ರಲ್ಲ, ಅಲ್ಲಿಯೇ ಕಥೆ ಇರುದು. ಡರ್ಬಿ 1995ರಲ್ಲಿ ಎರಡನೇ ದರ್ಜೆಯ ಲೀಗ್‌ನಲ್ಲಿತ್ತು. ಜಿಮ್ ಸ್ಮಿತ್ ಮ್ಯಾನೇಜರ್. ಸೀಸನ್ ನಡುವೆ ಸ್ಟಿಮ್ಯಾಚ್ ಬಂದ್ರು. ಮೊದಲ ಪಂದ್ಯ ಟ್ರಾನ್‌ಮಿಯರ್ ಎದುರು, 5-1 ಸೋಲು. ಆ ಒಂದು ಗೋಲ್ ಹೊಡೆದದ್ದು ಕೂಡ ಇವರೇ! ಡಿಫೆಂಡರ್ ಬಂದ ದಿನವೇ ಐದು ಬಿಟ್ಟುಕೊಟ್ರೆ ನಮ್ಮ ಕಡೆಯ ಟೂರ್ನಮೆಂಟ್‌ನಲ್ಲಿ ಆದ್ರೆ ಬಸ್ಸಿಗೆ ದುಡ್ಡು ಕೊಟ್ಟು ಕಳಿಸ್ತಾರೆ. ಆದ್ರೆ ಅದರ ನಂತರ 20 ಪಂದ್ಯ ಡರ್ಬಿ ಸೋಲಲೇ ಇಲ್ಲ. ಸೀಸನ್ ಮುಗಿಯುವಾಗ ಎರಡನೇ ಸ್ಥಾನ, ಪ್ರೀಮಿಯರ್ ಲೀಗ್‌ಗೆ ಬಡ್ತಿ. ಅಲ್ಲಿಯ ಹಳಬರು ಇವತ್ತಿಗೂ ಇವರ ಹೆಸರು ಹೇಳುದು ಆ ಸೀಸನ್ನಿಗಾಗಿ.

ಹಿಂದೆ ನಿಂತು ಇಡೀ ತಂಡಕ್ಕೆ ಗದರಿಸಿ ಜಾಗ ಹೇಳುವ ಜಾತಿಯ ಆಟಗಾರ ಅವರು. ಕಾಲಿನ ವೇಗ ಅಷ್ಟಕ್ಕಷ್ಟೆ, ಬಾಯಿ ಮತ್ತು ತಲೆ ಜೋರು.

ಹುಬ್ಳಿ ಹಾಫ್:

ಬಾಯಿ ಜೋರು ಅನ್ನೂದು ನಮಗೂ ಗೊತ್ತೈತಿ ಬಿಡ್ರಿ. ಎರಡು ಸಲ ಕೆಂಪು ಕಾರ್ಡ್ ತಗೊಂಡಿದ್ದು ನಿಮ್ಮ ಬೆಂಗ್ಳೂರಾಗನ.

ಹೊಸಬ_ಕ್ರಿಕೆಟ್ ಕಡೆಯವ:

ತಪ್ಪು ತಿಳೀಬೇಡಿ, ಕೋಚ್‌ಗೂ ಕೆಂಪು ಕಾರ್ಡ್ ತೋರಿಸ್ತಾರಾ? ಆಟ ಆಡದೇ ಇರೋರಿಗೆ?

ಶೈಲಾ_ಸ್ವೀಪರ್:

ತೋರಿಸ್ತಾರೆ. 2019ರ ನಿಯಮ ಬದಲಾವಣೆಯಿಂದ ಬೆಂಚ್ ಮೇಲಿರೋ ಸಿಬ್ಬಂದಿಗೂ ಹಳದಿ, ಕೆಂಪು ಎರಡೂ ಇದೆ. ಅದಕ್ಕೆ ಮೊದಲು ರೆಫರಿ ಬಾಯಲ್ಲಿ ಹೇಳಿ ಹೊರಗೆ ಕಳಿಸ್ತಿದ್ರು.

ಕಂಠೀರವ ಪೂರ್ವ:

ಆ ಎರಡೂ ದಿನ ನಾನು ಸ್ಟೇಡಿಯಂನಲ್ಲಿದ್ದೆ, ಹೇಳ್ತೀನಿ ಕೇಳಿ.

2023ರ ಜೂನ್ 21, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್, ಪಾಕಿಸ್ತಾನದ ಎದುರು. ಛೆಟ್ರಿ ಮೊದಲ ಕಾಲು ಗಂಟೆಯಲ್ಲೇ ಎರಡು ಹೊಡೆದಾಗಿತ್ತು. ವಿರಾಮಕ್ಕೆ ಸ್ವಲ್ಪ ಮುಂಚೆ ಚೆಂಡು ನಮ್ಮ ಬೆಂಚ್ ಹತ್ತಿರ ಹೊರಗೆ ಹೋಯ್ತು. ಪಾಕಿಸ್ತಾನದ ಹುಡುಗ ಬೇಗ ಥ್ರೋ ಮಾಡೋಕೆ ಚೆಂಡು ಎತ್ತಿದಾನೆ, ಹಿಂದಿನಿಂದ ಸ್ಟಿಮ್ಯಾಚ್ ಬಂದು ಅವನ ಕೈಯಿಂದ ಚೆಂಡು ತಟ್ಟಿ ಬೀಳಿಸಿದ್ರು. ಕಂಠೀರವದಲ್ಲಿ ಓಟದ ಟ್ರ್ಯಾಕ್ ನಡುವೆ ಬರೋದ್ರಿಂದ ನಮಗೆ ಕಂಡಿದ್ದು ಬರೀ ಗುಂಪು. ಹತ್ತಿಪ್ಪತ್ತು ಜನ ಒಬ್ಬರನ್ನೊಬ್ಬರು ತಳ್ಳಾಡ್ತಿದ್ದಾರೆ, ಛೆಟ್ರಿ ನಡುವೆ ನಿಂತು ಬಿಡಿಸ್ತಿದ್ದಾರೆ. ಏನಾಯ್ತು ಅಂತ ಪಕ್ಕದವರ ಮೊಬೈಲ್ ನೋಡಿ ತಿಳ್ಕೊಂಡಿದ್ದು. 2-0 ಮುಂದಿರೋವಾಗ ಇದು ಬೇಕಿತ್ತಾ? ಆ ಮ್ಯಾಚ್ 4-0 ಗೆದ್ವಿ, ಛೆಟ್ರಿ ಹ್ಯಾಟ್ರಿಕ್, ಕೊನೇದು ಉದಾಂತ. ಮರುದಿನ ಸ್ಟಿಮ್ಯಾಚ್ ಟ್ವಿಟರ್‌ನಲ್ಲಿ ನಮ್ಮ ಹುಡುಗರಿಗೆ ಅನ್ಯಾಯ ಆದ್ರೆ ಮತ್ತೆ ಹಾಗೇ ಮಾಡ್ತೀನಿ ಅಂತ ಹಾಕಿದ್ರು. ಮಾತಿಗೆ ತಪ್ಪಲಿಲ್ಲ. ಒಂದು ಪಂದ್ಯ ಹೊರಗಿದ್ದು ಬಂದವರು, ಕುವೈತ್ ಎದುರು ಮತ್ತೆ ಕೆಂಪು.

ಸೆಮಿಫೈನಲ್‌ನಲ್ಲಿ ಲೆಬನಾನ್, ಜುಲೈ 4ರ ಫೈನಲ್‌ನಲ್ಲಿ ಮತ್ತೆ ಕುವೈತ್. ಎರಡೂ ಪೆನಾಲ್ಟಿ ಶೂಟೌಟ್. ಬೆಂಚ್‌ನಲ್ಲಿ ನಿಂತವರು ಸಹಾಯಕ ಕೋಚ್ ಮಹೇಶ್ ಗಾವ್ಳಿ. ಗೋಲ್‌ಕೀಪರ್ ಗುರುಪ್ರೀತ್ ಕೊನೆಯ ಹೊಡೆತ ತಡೆದಾಗ ಇಡೀ ಸ್ಟೇಡಿಯಂ ವಂದೇ ಮಾತರಂ ಹಾಡ್ತಿತ್ತು. ನನ್ನ ಜನ್ಮದಲ್ಲಿ ಕಂಠೀರವದಲ್ಲಿ ಅಂಥ ಸದ್ದು ಕೇಳಿರಲಿಲ್ಲ. ಆದ್ರೆ ಒಂಬತ್ತನೇ ಸ್ಯಾಫ್ ಕಪ್ ಗೆದ್ದ ಆ ಪಂದ್ಯಕ್ಕೆ ಬೆಂಚ್‌ನಲ್ಲಿ ಮುಖ್ಯ ಕೋಚೇ ಇರಲಿಲ್ಲ ಅನ್ನೋದು ದಾಖಲೆಯಲ್ಲಿ ಉಳೀತು.

ಹುಬ್ಳಿ ಹಾಫ್:

ಗೆದ್ದಿದ್ದನ್ನೂ ಹೇಳ್ರಲಾ ಸ್ವಲ್ಪ. 2023ರ ಅರ್ಧ ವರ್ಷ ನೋಡ್ರಿ. ಇಂಫಾಲದಾಗ ಮ್ಯಾನ್ಮಾರ್, ಕಿರ್ಗಿಸ್ತಾನ ಇಬ್ಬರನ್ನೂ ಸೋಲ್ಸಿದ್ರು. ಭುವನೇಶ್ವರದಾಗ ಇಂಟರ್‌ಕಾಂಟಿನೆಂಟಲ್ ಕಪ್, ಫೈನಲ್‌ನ್ಯಾಗ ಲೆಬನಾನ್‌ಗೆ 2-0. ಬೆಂಗ್ಳೂರಾಗ ಸ್ಯಾಫ್. ಮೂರು ಟೂರ್ನಿ, ಮೂರು ಕಪ್. ಫಿಫಾ ರ್‍ಯಾಂಕಿಂಗ್ 99ಕ್ಕ ಬಂತು. ಅದೇ ಮನಷ್ಯಾ, ಅದೇ ಬಾಯಿ. ಆವಾಗ ಯಾರೂ ಹೆಸರು ನೋಡಿ ಕೆಲಸ ಕೊಟ್ರು ಅನ್ನಲಿಲ್ಲ.

ಮತ್ತ ನಮ್ಮ ತಂಡದಾಗ ಗೋಲ್ ಹೊಡಿಯಾಕ ಛೆಟ್ರಿ ಬಿಟ್ರ ಯಾರದಾರ ಹೇಳ್ರಿ. 39 ವರ್ಷದ ಮನಷ್ಯಾನ ಮ್ಯಾಲೆ ನೂರಾನಲವತ್ತು ಕೋಟಿ ಜನ ಆತುಕೊಂಡು ಕುಂತಿದ್ವಿ. ನಮ್ಮ ದೇಶದ ಲೀಗ್ ಐಎಸ್‌ಎಲ್‌ನ್ಯಾಗ ಹೆಚ್ಚಿನ ಕ್ಲಬ್‌ನವರು ನಂಬರ್ 9ಕ್ಕ, ಅಂದ್ರ ಸ್ಟ್ರೈಕರ್ ಜಾಗಕ್ಕ, ಪರದೇಶದವರನ್ನ ಇಟ್ಕೊಂಡಾರ. ನಮ್ಮ ಹುಡುಗ್ರು ವಿಂಗ್‌ನ್ಯಾಗ ಓಡತಾರ, ಇಲ್ಲಾ ಬೆಂಚ್ ಕಾಯತಾರ. ವಿಶ್ವಕಪ್ ಆಡಿದ ಕೋಚ್ ಬಂದ್ರೂ, ಆಡದವರು ಬಂದ್ರೂ, ಇಲ್ಲದ ಸ್ಟ್ರೈಕರ್‌ನ ಎಲ್ಲಿಂದ ತರಬೇಕು?

ಶೈಲಾ_ಸ್ವೀಪರ್:

ಸ್ಟ್ರೈಕರ್ ಇಲ್ಲ ಅನ್ನೋದು ಪೂರ್ತಿ ಒಪ್ತೀನಿ. ಆದ್ರೆ ಸ್ಟ್ರೈಕರ್‌ಗಳು ತುಂಬಿ ತುಳುಕ್ತಿದ್ದ ತಂಡದಲ್ಲೂ ಸ್ಟಿಮ್ಯಾಚ್‌ಗೆ ಇದೇ ಆಗಿತ್ತು. ಅದನ್ನ ಯಾರೂ ಇಲ್ಲಿ ಎತ್ತಿಲ್ಲ.

2012ರಲ್ಲಿ ಕ್ರೊಯೇಷಿಯಾದ ಕೋಚ್ ಹುದ್ದೆ ಬಿಟ್ಟವರು ಬಿಲಿಚ್, ಅಂದ್ರೆ ಸ್ಟಿಮ್ಯಾಚ್‌ರ ಹಳೇ ಸ್ಟಾಪರ್ ಜೋಡಿ. ಅದೇ ತಿಂಗಳು ಅಲ್ಲಿನ ಫುಟ್‌ಬಾಲ್ ಸಂಸ್ಥೆಗೆ ಅಧ್ಯಕ್ಷರಾದವರು ಶುಕೆರ್, ಚಿಲಿಯ ಹಳೇ ಸಂಗಾತಿ. ಹೀಗೆ ಕೆಲಸ ಸಿಕ್ತು. ಕೈಯಲ್ಲಿದ್ದ ತಂಡ ನೋಡಿ: ಮೊಡ್ರಿಚ್, ರಾಕಿಟಿಚ್, ಮಾಂಜುಕಿಚ್, ಪೆರಿಶಿಚ್, ಸ್ರ್ನಾ. ವಿಶ್ವಕಪ್ ಅರ್ಹತಾ ಗುಂಪಿನಲ್ಲಿ ಬೆಲ್ಜಿಯಂ, ಸರ್ಬಿಯಾ, ಸ್ಕಾಟ್ಲೆಂಡ್, ವೇಲ್ಸ್, ಮ್ಯಾಸಿಡೋನಿಯಾ.

ಮೊದಲ ಆರು ಪಂದ್ಯ: ಐದು ಗೆಲುವು, ಬೆಲ್ಜಿಯಂನಲ್ಲಿ ಒಂದು ಡ್ರಾ. 18ರಲ್ಲಿ 16 ಅಂಕ. ಆಮೇಲೆ ಏನಾಯ್ತು? ಝಾಗ್ರೆಬ್‌ನಲ್ಲೇ ಸ್ಕಾಟ್ಲೆಂಡ್ ಎದುರು 0-1. ಬೆಲ್‌ಗ್ರೇಡ್‌ನಲ್ಲಿ 1-1. ಮನೆಯಲ್ಲಿ ಬೆಲ್ಜಿಯಂ ಎದುರು 1-2, ಲುಕಾಕು ಎರಡು. ಗ್ಲಾಸ್ಗೋದಲ್ಲಿ ಮತ್ತೆ ಸ್ಕಾಟ್ಲೆಂಡ್‌ಗೆ 0-2. ಕೊನೆಯ ನಾಲ್ಕು ಪಂದ್ಯದಿಂದ ಒಂದೇ ಒಂದು ಅಂಕ. ಮರುದಿನವೇ ಕೆಲಸ ಹೋಯ್ತು. ನಿಕೊ ಕೊವಾಚ್ ಬಂದು ಪ್ಲೇ-ಆಫ್‌ನಲ್ಲಿ ಐಸ್‌ಲೆಂಡ್ ಸೋಲಿಸಿ ಬ್ರೆಜಿಲ್‌ಗೆ ಟಿಕೆಟ್ ತಗೊಂಡ್ರು.

ಈಗ ಭಾರತ. 2026ರ ವಿಶ್ವಕಪ್ ಅರ್ಹತಾ ಸುತ್ತು. 2023ರ ನವೆಂಬರ್‌ನಲ್ಲಿ ಕುವೈತ್‌ಗೇ ಹೋಗಿ 1-0, ಮನ್ವೀರ್ ಗೋಲ್. ಎಂಥ ಶುರು! ಆಮೇಲೆ ಕತಾರ್‌ಗೆ 0-3. ಅಫ್ಘಾನಿಸ್ತಾನದ ಜೊತೆ 0-0. ಗುವಾಹಟಿಯಲ್ಲಿ ಅದೇ ಅಫ್ಘಾನಿಸ್ತಾನಕ್ಕೆ 1-2, ಅದೂ ಛೆಟ್ರಿಯ 150ನೇ ಪಂದ್ಯ, ಅವರೇ ಮೊದಲ ಗೋಲ್ ಹೊಡೆದ ಮೇಲೆ. ಕೋಲ್ಕತ್ತದಲ್ಲಿ ಕುವೈತ್ ಜೊತೆ 0-0. ದೋಹಾದಲ್ಲಿ 1-2. ಮೊದಲ ಪಂದ್ಯದಲ್ಲಿ ಮೂರು ಅಂಕ, ಉಳಿದ ಐದರಲ್ಲಿ ಎರಡು.

ತಂಡ ಬೇರೆ, ಖಂಡ ಬೇರೆ, ನಡುವೆ ಹತ್ತು ವರ್ಷ. ಬೀಳುವ ರೀತಿ ಮಾತ್ರ ಒಂದೇ. ಹುಡುಗರನ್ನ ರೊಚ್ಚಿಗೆಬ್ಬಿಸಿ ಒಳ್ಳೇ ಶುರು ಕೊಡಿಸ್ತಾರೆ. ಎದುರಾಳಿ ಕೋಚ್‌ಗಳು ಎರಡು ಮೂರು ಪಂದ್ಯ ನೋಡಿ ಪಾಠ ಕಲಿತ ಮೇಲೆ ಇವರ ಹತ್ತಿರ ಎರಡನೇ ಉತ್ತರ ಇರಲ್ಲ. ಬೈಕಂಪಾಡಿಯವರು ಹೇಳಿದ ಡರ್ಬಿ ಕಥೆ ಇದಕ್ಕೆ ತದ್ವಿರುದ್ಧ ಅಲ್ವಾ? ಅಲ್ಲಿ ಕೆಟ್ಟ ಶುರು, ಆಮೇಲೆ 20 ಪಂದ್ಯ ಕಲ್ಲುಗೋಡೆ. ಮೈದಾನದ ಒಳಗಿದ್ದಾಗ ಪಂದ್ಯ ಕೈ ಜಾರ್ತಿದೆ ಅಂದ್ರೆ ಸ್ವತಃ ಎರಡು ಹೆಜ್ಜೆ ಹಿಂದೆ ಸರಿದು, ಪಕ್ಕದವನನ್ನ ಕೂಗಿ ಸರಿಮಾಡ್ಕೋಬಹುದು. ಗೆರೆಯ ಹೊರಗೆ ನಿಂತವನಿಗೆ ಆ ಸೌಲಭ್ಯ ಇಲ್ಲ. ಸ್ಟಿಮ್ಯಾಚ್ ಗೆರೆ ದಾಟಿ ಚೆಂಡನ್ನೇ ತಟ್ಟಿಬಿಟ್ರು!

ಬೈಕಂಪಾಡಿ ಬ್ಯಾಕ್:

ಕೊನೆ ಸಾಲಿಗೆ ನಗು ಬಂತು ಅಕ್ಕ. ಆದ್ರೆ ನಿಮ್ಮ ಲೆಕ್ಕದಲ್ಲಿ ಸರ್ಬಿಯಾ ಪಂದ್ಯ ಬರೀ ಮೂರು ಅಂಕ ಅಲ್ಲ. 1991ರ ಮೇಯಲ್ಲಿ ಯುಗೊಸ್ಲಾವಿಯಾ ಕಪ್ ಫೈನಲ್, ಬೆಲ್‌ಗ್ರೇಡ್‌ನಲ್ಲಿ. ಹೈಡುಕ್ ಒಂದು ಕಡೆ, ರೆಡ್ ಸ್ಟಾರ್ ಇನ್ನೊಂದು ಕಡೆ. ಹೊರಗೆ ಆಗಲೇ ಗುಂಡಿನ ಸದ್ದು ಶುರುವಾಗಿತ್ತು. ಆ ಪಂದ್ಯದಲ್ಲಿ ಸ್ಟಿಮ್ಯಾಚ್ ಮತ್ತು ರೆಡ್ ಸ್ಟಾರ್‌ನ ಸಿನಿಶಾ ಮಿಹಾಯ್ಲೊವಿಚ್ ಮಧ್ಯೆ ಜಗಳ, ಇಬ್ಬರೂ ಹೊರಗೆ. ಹೈಡುಕ್ 1-0 ಗೆದ್ದಿತು. ನಂತರ ಯುದ್ಧ. ಇಬ್ಬರೂ ಎಷ್ಟೋ ವರ್ಷ ಮಾತಾಡಲಿಲ್ಲ.

2013ರ ಮಾರ್ಚ್‌ನಲ್ಲಿ ಝಾಗ್ರೆಬ್‌ನಲ್ಲಿ ಕ್ರೊಯೇಷಿಯಾ-ಸರ್ಬಿಯಾ. ಸ್ವತಂತ್ರ ದೇಶಗಳಾಗಿ ಇವೆರಡೂ ಮೊದಲ ಸಲ ಎದುರಾದದ್ದು. ಕ್ರೊಯೇಷಿಯಾ ಕೋಚ್ ಸ್ಟಿಮ್ಯಾಚ್, ಸರ್ಬಿಯಾ ಕೋಚ್ ಯಾರು ಹೇಳಿ? ಅದೇ ಮಿಹಾಯ್ಲೊವಿಚ್! ಹೊರಗಿನ ಅಭಿಮಾನಿಗಳಿಗೆ ಪ್ರವೇಶವೇ ಇರಲಿಲ್ಲ. ಅಂಥ ದಿನ ಇಬ್ಬರೂ ಕೈ ಕುಲುಕಿದ್ರು, ಪಂದ್ಯ ಶಾಂತವಾಗಿ ಮುಗೀತು. ಮಾಂಜುಕಿಚ್, ಒಲಿಚ್ ಗೋಲ್, 2-0. ಕೊವಾಚಿಚ್ ಎನ್ನುವ 18ರ ಹುಡುಗನನ್ನು ಅದೇ ಪಂದ್ಯದಲ್ಲಿ ಮೊದಲ ಸಲ ಇಳಿಸಿದ್ದು ಸ್ಟಿಮ್ಯಾಚ್. ಧೈರ್ಯ ಬೇಕು ಅದಕ್ಕೆ. ಬರೀ ಬಾಯಿ ಜೋರಿನ ಮನುಷ್ಯ ಅಂತ ಹೇಳಿ ಮುಗಿಸ್ಲಿಕ್ಕೆ ಆಗುದಿಲ್ಲ.

ಆಫ್‌ಸೈಡ್ ಆಚಾರ್:

ಹೊಸಬರ ವಿಷಯದಲ್ಲಿ ಇಲ್ಲೂ ಅದೇ. ಸಹಲ್, ಸುರೇಶ್, ರೋಶನ್, ಜೀಕ್ಸನ್, ಅನ್ವರ್, ಇವರೆಲ್ಲ ಅವರ ಕಾಲದಲ್ಲಿ ತಂಡದಲ್ಲಿ ನೆಲೆ ಕಂಡವರು. ಅದಕ್ಕೆ ತೆತ್ತ ಬೆಲೆಯೂ ಇತ್ತು, 2021ರ ಮಾರ್ಚ್‌ನಲ್ಲಿ ದುಬೈಯಲ್ಲಿ ಯುಎಇಗೆ 0-6.

ಜ್ಯೋತಿಷಿ_ಯಾರು_ಸ್ವಾಮಿ:

ಎಲ್ಲಾ ಸರಿ, ಜಾತಕದ ವಿಷಯ ಯಾರೂ ಎತ್ತಲಿಲ್ಲವಲ್ಲ?

ಶೈಲಾ_ಸ್ವೀಪರ್:

2022ರ ಏಷ್ಯಾ ಕಪ್ ಅರ್ಹತಾ ಪಂದ್ಯಗಳ ಹೊತ್ತಿಗೆ ಆಟಗಾರರ ಪಟ್ಟಿ ಜ್ಯೋತಿಷಿಯ ಹತ್ತಿರ ಹೋಗಿತ್ತು ಅಂತ ಇಂಡಿಯನ್ ಎಕ್ಸ್‌ಪ್ರೆಸ್ 2023ರ ಸೆಪ್ಟೆಂಬರ್‌ನಲ್ಲಿ ವರದಿ ಮಾಡಿತ್ತು. ಆ ಮೂರೂ ಪಂದ್ಯ ಗೆದ್ವಿ ಅನ್ನೋದು ಇನ್ನೂ ಮುಜುಗರ. ಇಲ್ಲಿ ಆಟದ ಬಗ್ಗೆ ಮಾತಾಡೋಣ.

ದೋಹಾ ಕನ್ನಡಿಗ:

ನಾನು ಇಲ್ಲಿ ಕತಾರ್‌ನಲ್ಲಿ ಇರೋನು, ಏಷ್ಯಾ ಕಪ್ಪೂ ನೋಡಿದೆ, ಆ ಕೊನೆಯ ಪಂದ್ಯವೂ ನೋಡಿದೆ. ಶೈಲಾ ಅವರ ಲೆಕ್ಕಕ್ಕೆ ಒಂದು ತಕರಾರು ಇದೆ.

ಏಷ್ಯಾ ಕಪ್ ಮೊದಲು. 2024ರ ಜನವರಿ, ಆಸ್ಟ್ರೇಲಿಯಾಗೆ 0-2, ಉಜ್ಬೇಕಿಸ್ತಾನಕ್ಕೆ 0-3, ಸಿರಿಯಾಗೆ 0-1. ಒಂದು ಗೋಲೂ ಇಲ್ಲ. ಸ್ಟೇಡಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮವರೇ: ಮಲಯಾಳಿಗಳು, ಕರಾವಳಿಯವರು, ತೆಲುಗರು. ಆಸ್ಟ್ರೇಲಿಯಾವನ್ನ ವಿರಾಮದವರೆಗೆ 0-0 ತಡೆದಾಗ ಜನ ಹುಚ್ಚೆದ್ದು ಹೋಗಿದ್ರು. ಆದ್ರೆ ಐಎಸ್‌ಎಲ್ ಡಿಸೆಂಬರ್ ಕೊನೆವರೆಗೆ ನಡೀತು, ತಂಡ ಒಟ್ಟಿಗೆ ಅಭ್ಯಾಸ ಮಾಡಿದ್ದು ಎರಡು ವಾರದ ಆಸುಪಾಸು. ಅನ್ವರ್ ಅಲಿ, ಜೀಕ್ಸನ್, ಆಶಿಕ್ ಮೂವರೂ ಗಾಯ. ಇದರಲ್ಲಿ ಕೋಚ್ ಏನು ಮಾಡೋದು?

ಇನ್ನು ಜೂನ್ 11, ಜಾಸಿಮ್ ಬಿನ್ ಹಮದ್ ಸ್ಟೇಡಿಯಂ. ಆ ಬಿಸಿಲಿನ ಧಗೆ ರಾತ್ರಿಯೂ ಇಳಿದಿರಲಿಲ್ಲ. ಛೆಟ್ರಿ ನಿವೃತ್ತರಾದ ಮೇಲೆ ಮೊದಲ ಪಂದ್ಯ. ಛಾಂಗ್ಟೆ ಗೋಲ್ ಹೊಡೆದು 1-0 ಮುಂದೆ. ಕತಾರ್ ಆಗಲೇ ಮುಂದಿನ ಸುತ್ತಿಗೆ ಅರ್ಹತೆ ಪಡೆದಿದ್ದರಿಂದ ಯುವ ತಂಡ ಇಳಿಸಿತ್ತು. 73ನೇ ನಿಮಿಷ. ಕತಾರ್‌ನ ಐಮನ್ ತಲೆ ಕೊಟ್ಟ ಚೆಂಡನ್ನ ಗುರುಪ್ರೀತ್ ತಡೆದ್ರು, ಚೆಂಡು ಗೋಲ್ ಪಕ್ಕದ ಗೆರೆ ದಾಟಿ ಹೊರಗೆ ಹೋಯ್ತು. ಕಣ್ಣಾರೆ ಕಾಣೋ ಹಾಗೆ ಹೊರಗೆ. ನಮ್ಮ ಡಿಫೆಂಡರ್‌ಗಳು ನಿಂತುಬಿಟ್ರು. ಕತಾರ್ ಆಟಗಾರ ಹೊರಗಿನಿಂದ ಕಾಲಲ್ಲಿ ಎಳೆದು ಒಳಗೆ ಕೊಟ್ಟ, ಐಮನ್ ಗೋಲ್‌ಗೆ ತಳ್ಳಿದ. ರೆಫರಿ ಗೋಲ್ ಕೊಟ್ರು. ವಿಡಿಯೊ ನೋಡಿ ತೀರ್ಪು ಸರಿಪಡಿಸೋ ವಿಎಆರ್ ಇರಲಿಲ್ಲ. 85ನೇ ನಿಮಿಷಕ್ಕೆ ಇನ್ನೊಂದು ಹೋಯ್ತು. ಆ ಪಂದ್ಯ ಗೆದ್ದಿದ್ರೆ ಇತಿಹಾಸದಲ್ಲಿ ಮೊದಲ ಸಲ ಮೂರನೇ ಸುತ್ತು. ಅದನ್ನ ಸ್ಟಿಮ್ಯಾಚ್ ಖಾತೆಗೆ ಹೇಗೆ ಬರೀತೀರಿ?

ಶೈಲಾ_ಸ್ವೀಪರ್:

ಆ ಗೋಲ್ ಅನ್ಯಾಯ, ಎರಡು ಮಾತಿಲ್ಲ. ಆದ್ರೆ ದೋಹಾ ಪಂದ್ಯದ ಮೇಲೆ ಎಲ್ಲ ನಿಂತಿದ್ದೇ ಯಾಕೆ? ಅಫ್ಘಾನಿಸ್ತಾನದ ಎದುರು ಎರಡು ಪಂದ್ಯದಲ್ಲಿ ಒಂದು ಅಂಕ ಬಂದಿದ್ದಕ್ಕೆ. ಅಲ್ಲಿ ಗೆರೆ ದಾಟಿದ ಚೆಂಡು ಯಾವುದೂ ಇರಲಿಲ್ಲ. ಮೂರನೇ ಸುತ್ತಿಗೆ ಕರ್ಕೊಂಡು ಹೋಗದಿದ್ರೆ ತಾನೇ ಬಿಟ್ಟು ಹೋಗ್ತೀನಿ ಅಂತ ಮಾರ್ಚ್‌ನಲ್ಲಿ ಹೇಳಿದವರೂ ಅವರೇ. ಹೋಗಲಿಲ್ಲ. ಜೂನ್ 17ಕ್ಕೆ ನಮ್ಮ ಫುಟ್‌ಬಾಲ್ ಸಂಸ್ಥೆಯೇ ಕಳಿಸಬೇಕಾಯ್ತು, ಬಾಕಿ ಹಣಕ್ಕೆ ಜಗಳ ಬೇರೆ. ಕೊನೆಗೆ 4 ಲಕ್ಷ ಡಾಲರ್‌ಗೆ ರಾಜಿ. ಅಷ್ಟು ಹಣದಲ್ಲಿ ಎಷ್ಟು ಜಿಲ್ಲೆಗಳಲ್ಲಿ ಮಕ್ಕಳ ಲೀಗ್ ನಡೆಸಬಹುದಿತ್ತು?

ಗೌತಮ್‌ಪುರ ವಿಂಗರ್:

ತಡವಾಗಿ ಬಂದೆ, ಮ್ಯಾಚ್ ಇತ್ತು. ನಮ್ಮ ಗೌತಮ್‌ಪುರದಲ್ಲಿ ಪೆಲೆ ಪ್ರತಿಮೆ ಕೆಳಗೆ ಕೂತು ಹಿರಿಯರು ಇದೇ ವಾದ ಮಾಡ್ತಾರೆ, ಆದ್ರೆ ಅವರ ಪ್ರಶ್ನೆ ಬೇರೆ. ವಿಶ್ವಕಪ್ ಆಡಿದವರನ್ನ ಹುಡುಕ್ಕೊಂಡು ಹೋಗ್ತೀರಲ್ಲ, ನಮಗೆ ಏಷ್ಯನ್ ಗೇಮ್ಸ್ ಚಿನ್ನ ಎರಡು ಸಲ ತಂದುಕೊಟ್ಟವರು ಯಾರು? ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್. 1951, 1962. ಮಧ್ಯೆ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 62ರ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ರು. ಆ ತಂಡದ ಪಿ.ಕೆ. ಬ್ಯಾನರ್ಜಿ ಆಮೇಲೆ ಭಾರತಕ್ಕೆ ಕೋಚ್ ಆದ್ರು. 1970ರ ಏಷ್ಯನ್ ಗೇಮ್ಸ್ ಕಂಚಿನ ನಾಯಕ ನಯೀಮುದ್ದೀನ್ ಕೂಡ ಕೋಚ್ ಆದ್ರು. ಆಡಿದವರೇ ಕಲಿಸೋ ಸರಪಳಿ ಇತ್ತು. ಅದು ಯಾವಾಗ ಕಡಿದುಹೋಯ್ತು?

ಈಗ ಖಾಲಿದ್ ಜಮೀಲ್ ಬಂದಿದ್ದಾರೆ. ಅವರೂ ಭಾರತಕ್ಕೆ ಆಡಿದವರೇ. ಬಂದ ಕೂಡಲೇ ಮಧ್ಯ ಏಷ್ಯಾದ ಟೂರ್ನಿಯಲ್ಲಿ ಒಮನ್ ಸೋಲಿಸಿ ಮೂರನೇ ಸ್ಥಾನ ತಂದ್ರು. ಸಿಂಗಪುರ ಪಂದ್ಯ ಸೋತ್ರು, ನಿಜ.

ಹುಬ್ಳಿ ಹಾಫ್:

ಖಾಲಿದ್ ಅವರೂ ಒಳ್ಳೆ ಶುರು, ಆಮ್ಯಾಲೆ ಬಿದ್ರು. ಅಂದ್ರ ಶೈಲಾ ಮೇಡಂ ಹೇಳೂ ಪ್ಯಾಟರ್ನ್ ಸ್ಟಿಮ್ಯಾಚ್‌ದಲ್ಲ, ನಮ್ಮದ ಅನ್ರಿ.

ಶೈಲಾ_ಸ್ವೀಪರ್:

ಹಾಗಾದ್ರೆ ಕ್ರೊಯೇಷಿಯಾದ ಆ ಕೊನೆಯ ನಾಲ್ಕು ಪಂದ್ಯ ಯಾರದ್ದು?

ಹುಬ್ಳಿ ಹಾಫ್:

ಅದಕ್ಕ ಉತ್ತರ ಹುಡುಕಾಕತ್ತೀನಿ. ಸ್ಕಾಟ್ಲೆಂಡ್ ಎದುರಿನ ಎರಡೂ ಮ್ಯಾಚ್ ಪೂರ್ತಿ ವಿಡಿಯೊ ಯಾರ ಹತ್ರರ ಐತೇನು? ಬರೀ ಗೋಲ್ ನೋಡಿ ವಾದ ಮಾಡೂದು ಬ್ಯಾಡ.

ಬೈಕಂಪಾಡಿ ಬ್ಯಾಕ್:

ಝಾಗ್ರೆಬ್‌ದು ನನ್ನ ಹತ್ರ ಉಂಟು. ಆ ದಿನ ಸ್ಕಾಟ್ಲೆಂಡ್ ಗೋಲ್ ಸ್ನಾಡ್‌ಗ್ರಾಸ್‌ದು, ಅದರ ಮೊದಲು ಕ್ರೊಯೇಷಿಯಾದ ಸ್ಟಾಪರ್‌ಗಳು ಎಲ್ಲಿ ನಿಂತಿದ್ರು ಅಂತ ನೋಡಿ. ನಾಳೆ ಸಂಜೆ ಹಾಕ್ತೇನೆ.